ರೂಮು ಸಿಗದ ಲಾಡ್ಜ್: ಗೌಂಡಿಯ ಗುರುತು, ದಾನದ ಲೆಕ್ಕ, ಗಚ್ಚಿನ ಕಟ್ಟಡ

ಕಲಬುರಗಿ ಬಸ್ ಸ್ಟ್ಯಾಂಡಿನ ಎದುರು ನಿಂತು "ಲಾಡ್ಜ್ ಎಲ್ಲಿ ಅದ್ರಿ?" ಅಂತ ಕೇಳಿದರೆ ಆಟೋದವರು ರೂಮು ಸಿಗುವ ನಾಲ್ಕು ಹೆಸರು ಹೇಳುತ್ತಾರೆ. ಇಲ್ಲಿ ಹೇಳುತ್ತಿರುವುದು ಆ ಲಾಡ್ಜ್ ಅಲ್ಲ. ಬಾಗಿಲ ಮೇಲೆ ಗುಣ್ಯಾ (ಗೌಂಡಿಯ ಮೂಲೆಮಟ್ಟ) ಮತ್ತು ಕೈವಾರದ ಚಿತ್ರ, ಎತ್ತರದ ಕಿಟಕಿ, ತಿಂಗಳಿಗೆ ಒಂದೆರಡು ಸಂಜೆ ಮಾತ್ರ ದೀಪ: ಇಂಥ ಕಟ್ಟಡಕ್ಕೂ ಲಾಡ್ಜ್ ಎಂದೇ ಹೆಸರು. ಅಲ್ಲಿ ಸೇರುವವರು ಫ್ರೀಮೇಸನ್‌ಗಳು. ಉತ್ತರ ಭಾರತದ ಹಲವು ಊರುಗಳಲ್ಲಿ ಜನ ಇದನ್ನು "ಜಾದೂಘರ್" ಅಂದರು. ಒಳಗೆ ಏನೋ ಮಾಟ ನಡೆಯುತ್ತದೆ ಎಂಬ ಗುಮಾನಿಗೆ ಮುಚ್ಚಿದ ಬಾಗಿಲೇ ಸಾಕಾಗಿತ್ತು.

ಇಂಥ ಸಂಘಗಳ ಕಡೆ ಸಾಮಾನ್ಯ ಜನರ ಲಕ್ಷ್ಯ ಹೋಗುವುದು ಎರಡು ಹೊತ್ತಿನಲ್ಲಿ. ಉಚಿತ ಕಣ್ಣಿನ ತಪಾಸಣೆಯ ಬ್ಯಾನರ್ ಕಟ್ಟಿದಾಗ ಒಮ್ಮೆ, ಮುಖ್ಯ ರಸ್ತೆಯ ಹಳೆ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವ ಮಾತು ಬಂದಾಗ ಇನ್ನೊಮ್ಮೆ. ಆಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇವರು ಯಾರು? ದುಡ್ಡು ಎಲ್ಲಿಂದ ಬರುತ್ತದೆ? ಕಟ್ಟಡ ಯಾರದು? ಅದನ್ನು ಉಳಿಸಲು ಆಗುತ್ತದೆಯೇ? ಕೊನೆಯ ಮೂರು ಪ್ರಶ್ನೆಗಳ ಉತ್ತರ ಫ್ರೀಮೇಸನ್‌ಗಳಿಗಷ್ಟೇ ಅಲ್ಲ, ಹಳೆ ಕಟ್ಟಡ ಇಟ್ಟುಕೊಂಡ ಯಾವ ಸಂಘಕ್ಕಾದರೂ ಹೊಂದುತ್ತದೆ.

ಗೌಂಡಿಗಳ ಗುಡಿಸಲು

ಮೇಸನ್ ಅಂದರೆ ನಮ್ಮ ಕಡೆಯ ಗೌಂಡಿ. ಯುರೋಪಿನಲ್ಲಿ ದೊಡ್ಡ ಚರ್ಚುಗಳನ್ನು ಕಟ್ಟುತ್ತಿದ್ದ ಕಲ್ಲುಕೆಲಸದವರು ಒಂದು ಊರಲ್ಲಿ ಹತ್ತಾರು ವರ್ಷ ದುಡಿದು ಮುಂದಿನ ಊರಿಗೆ ಹೋಗುತ್ತಿದ್ದರು. ಕೆಲಸದ ಜಾಗದ ಪಕ್ಕ ಹಾಕಿಕೊಂಡ ಗುಡಿಸಲೇ ಲಾಡ್ಜ್. ಸಾಮಾನು ಇಡುವುದು, ಊಟ ಮಾಡುವುದು, ಕೂಲಿ ಮಾತಾಡುವುದು ಅಲ್ಲೇ. ಹೊಸಬ ಬಂದು "ನಾನೂ ಗೌಂಡಿ" ಅಂದರೆ ನಂಬುವುದು ಹೇಗೆ? ಆಗ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು! ಅದಕ್ಕೆ ಕಸುಬುದಾರರಿಗೆ ಮಾತ್ರ ಗೊತ್ತಿರುವ ಒಂದು ಮಾತು, ಕೈ ಹಿಡಿಯುವ ಒಂದು ಬಗೆ. ಗುಟ್ಟಿನ ಮೂಲ ಇಂಥ ಗುರುತಿನಲ್ಲಿದೆ.

17ನೇ ಶತಮಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಲ್ಲಿ ಕಲ್ಲನ್ನೇ ಮುಟ್ಟದ ಜಮೀನ್ದಾರರು, ವೈದ್ಯರು, ವ್ಯಾಪಾರಿಗಳು ಈ ಗುಂಪುಗಳಿಗೆ ಸೇರತೊಡಗಿದರು. ಉಪಕರಣಗಳು ಉಳಿದವು, ಅವುಗಳ ಕೆಲಸ ಬದಲಾಯಿತು. ಗುಣ್ಯಾ ಅಂದರೆ ನಡತೆ ನೇರ ಇರಲಿ, ಒಳಂಬಾ (ತೂಗುಗುಂಡು) ಅಂದರೆ ಮಾತು ಸೊಟ್ಟ ಆಗದಿರಲಿ, ಲೇವಲ್ ಅಂದರೆ ಎಲ್ಲರೂ ಒಂದೇ ಮಟ್ಟ ಎಂದು ಅರ್ಥ ಕಟ್ಟಿದರು. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು. ಊರೂರಿನ ಲಾಡ್ಜ್ ಶಾಖೆಯಿದ್ದಂತೆ, ಅದಕ್ಕೆ ಸನದು ಕೊಡುವ ಕೇಂದ್ರ ಕಚೇರಿ ಗ್ರ್ಯಾಂಡ್ ಲಾಡ್ಜ್.

ಭಾರತಕ್ಕೆ ಇದು ಈಸ್ಟ್ ಇಂಡಿಯಾ ಕಂಪನಿಯವರ ಜೊತೆ ಬಂತು. 1730ರ ಹೊತ್ತಿಗೆ ಕೋಲ್ಕತ್ತಾದಲ್ಲಿ ಲಾಡ್ಜ್ ಇತ್ತು. ದಂಡು, ರೈಲು, ಕಚೇರಿ ಹೋದ ಕಡೆಗೆಲ್ಲ ಅದೂ ಹೋಯಿತು. ಮೊದಮೊದಲು ಬಿಳಿಯರಿಗಷ್ಟೇ ಇದ್ದ ಬಾಗಿಲು ನಿಧಾನಕ್ಕೆ ಭಾರತೀಯರಿಗೂ ತೆರೆಯಿತು. ಸ್ವಾಮಿ ವಿವೇಕಾನಂದರು, ಆಗಿನ ನರೇಂದ್ರನಾಥ ದತ್ತರು, 1884ರಲ್ಲಿ ಕೋಲ್ಕತ್ತಾದ ಲಾಡ್ಜ್ ಒಂದಕ್ಕೆ ಸೇರಿದ್ದರು. ಕಲಬುರಗಿ, ಬೀದರ್, ಯಾದಗಿರಿಗಳನ್ನು ಆಳುತ್ತಿದ್ದ ಹೈದರಾಬಾದ್ ಸಂಸ್ಥಾನದ ರಾಜಧಾನಿಯಲ್ಲಿ ಕುತುಬ್‌ಶಾಹಿ ಕಾಲದ ಗೋಶಾಮಹಲ್ ಬಾರಾದರಿ ಎಂಬ ಕಟ್ಟಡವೇ ನಿಜಾಮರ ಕೃಪೆಯಿಂದ ಫ್ರೀಮೇಸನ್‌ಗಳ ಸಭಾಭವನವಾಯಿತು. ಇಂದಿಗೂ ಅವರ ಕೈಯಲ್ಲೇ ಇದೆ. ಸ್ವಾತಂತ್ರ್ಯದ ನಂತರ, 1961ರ ನವೆಂಬರ್ 24ರಂದು, ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆ ಆಯಿತು.

ಮುಚ್ಚಿದ ಬಾಗಿಲ ಹಿಂದೆ

ಸೇರಲು 21 ವರ್ಷ ತುಂಬಿದ ಗಂಡಸಾಗಿರಬೇಕು, ದೇವರಲ್ಲಿ ನಂಬಿಕೆ ಇರಬೇಕು. ಯಾವ ದೇವರು ಎಂದು ಕೇಳುವುದಿಲ್ಲ. ಭಾರತದ ಲಾಡ್ಜ್‌ಗಳಲ್ಲಿ ಪೀಠದ ಮೇಲೆ ಒಂದಕ್ಕಿಂತ ಹೆಚ್ಚು ಧರ್ಮಗ್ರಂಥಗಳನ್ನು ಇಡುವುದು ವಾಡಿಕೆ. ಇರುವ ಸದಸ್ಯರೇ ಹೊಸಬನ ಹೆಸರು ಸೂಚಿಸುತ್ತಾರೆ, ಆಮೇಲೆ ಗುಪ್ತ ಮತದಾನ. ಪೆಟ್ಟಿಗೆಯೊಳಗೆ ಬಿಳಿ ಗುಂಡು ಹಾಕಿದರೆ ಒಪ್ಪಿಗೆ, ಕರಿ ಗುಂಡು ಹಾಕಿದರೆ ಬೇಡ.

ಮೂರು ಮೆಟ್ಟಿಲುಗಳಿವೆ: ಕಲಿಯಲು ಬಂದ ಹುಡುಗ, ಕಸುಬು ಬಲ್ಲವ, ಮೇಸ್ತ್ರಿ. ಪ್ರತಿ ಮೆಟ್ಟಿಲಿಗೂ ನಾಟಕದಂಥ ಒಂದು ವಿಧಿ. ಅಧ್ಯಕ್ಷ ಪೂರ್ವಕ್ಕೆ, ಉಳಿದ ಇಬ್ಬರು ಮುಖ್ಯರು ಪಶ್ಚಿಮಕ್ಕೆ ಮತ್ತು ದಕ್ಷಿಣಕ್ಕೆ ಕೂರುತ್ತಾರೆ. ನೆಲದ ತುಂಬ ಕಪ್ಪು-ಬಿಳುಪಿನ ಚೌಕಗಳು. ಒಂದು ಒರಟು ಕಲ್ಲು, ಒಂದು ನಯಗೊಳಿಸಿದ ಕಲ್ಲು ಇಟ್ಟಿರುತ್ತಾರೆ, ಮನುಷ್ಯ ಮೊದಲು ಹೇಗಿದ್ದ, ಹೇಗಾಗಬೇಕು ಎನ್ನುವುದಕ್ಕೆ ಗುರುತಾಗಿ. ಸಭೆಯಲ್ಲಿ ರಾಜಕಾರಣ ಮತ್ತು ಧರ್ಮದ ವಾದ ನಿಷಿದ್ಧ. ಗುಟ್ಟು ಅಂದರೆ ಮುಖ್ಯವಾಗಿ ಪರಸ್ಪರ ಗುರುತಿಸುವ ಸಂಕೇತಗಳು. ವಿಧಿಗಳ ವಿವರ ಎಂದೋ ಅಚ್ಚಾಗಿ ಹೊರಬಿದ್ದಿದೆ. ಓದಿದವರಿಗೆ ಜಾದೂ ಏನೂ ಸಿಕ್ಕಿಲ್ಲ.

ರೋಟರಿ, ಲಯನ್ಸ್ ಕೂಡ ಇದೇನಾ ಅಂದರೆ, ಅಲ್ಲ. 1905ರಲ್ಲಿ ಶುರುವಾದ ರೋಟರಿ, 1917ರ ಲಯನ್ಸ್ ಎರಡೂ ಸೇವೆಗೆಂದೇ ಹುಟ್ಟಿದ ಕ್ಲಬ್ಬುಗಳು, ಗುಪ್ತ ವಿಧಿ ಇಲ್ಲ. ಥಿಯೋಸಾಫಿಕಲ್ ಸೊಸೈಟಿಯ ಶಾಖೆಗೂ ಲಾಡ್ಜ್ ಎನ್ನುತ್ತಾರೆ. ಅದು ಅಧ್ಯಯನದ ಕೂಟ. ನಮ್ಮ ನೆಲದಲ್ಲಿ ಹತ್ತಿರದ ಹೋಲಿಕೆ ಬೇಕಾದರೆ ಬೀದರ್ ಹಳೆ ಪೇಟೆಯ ತಾಲೀಮುಗಳನ್ನು ನೆನೆಯಬಹುದು. ಸಿದ್ದೀಕ್ ಶಾ ತಾಲೀಮು, ನೂರ್ ಖಾನ್ ತಾಲೀಮು ಎಂದು ಓಣಿಗಳಿಗೇ ಆ ಹೆಸರು ಬಿದ್ದಿದೆ. ಒಂದು ಮನೆ, ಒಬ್ಬ ಉಸ್ತಾದ, ಶಿಷ್ಯರಾಗಿ ಸೇರಿದವರ ನಡುವೆ ಅಣ್ಣತಮ್ಮಂದಿರ ನಂಟು. ಅಲ್ಲಿ ಮಣ್ಣು ಮತ್ತು ಮೈ, ಇಲ್ಲಿ ಗುಣ್ಯಾ ಮತ್ತು ಮಾತು.

ಒಂದೇ ಮನೆ, ಎರಡು ಗಲ್ಲಾ

ದಾನ ಅರ್ಥವಾಗಬೇಕಾದರೆ ಲಾಡ್ಜಿನ ಹಣಪೆಟ್ಟಿಗೆಗಳನ್ನು ಬೇರೆ ಮಾಡಿ ನೋಡಬೇಕು. ಮೊದಲನೆಯದು ಸದಸ್ಯರ ವಂತಿಗೆ. ಅದರಲ್ಲಿ ಕರೆಂಟ್ ಬಿಲ್, ಕಾವಲುಗಾರನ ಸಂಬಳ, ಗ್ರ್ಯಾಂಡ್ ಲಾಡ್ಜಿಗೆ ಕಟ್ಟುವ ಪಾಲು, ಸಭೆಯ ನಂತರದ ಊಟ. ತಮ್ಮ ದುಡ್ಡು ತಮಗೇ ಖರ್ಚು ಮಾಡಿಕೊಳ್ಳುವುದು ದಾನವಲ್ಲ, ಕಾನೂನಿನ ಕಣ್ಣಿನಲ್ಲೂ ಅಲ್ಲ. ಎರಡನೆಯದು ದಾನದ ಗಲ್ಲಾ: ಸಭೆಯ ಕೊನೆಗೆ ಸುತ್ತು ಬರುವ ದಾನದ ಚೀಲ, ಹೊರಗಿನವರ ದೇಣಿಗೆ, ರಸ್ತೆಯ ಕಡೆ ಅಂಗಡಿ ಇದ್ದರೆ ಅದರ ಬಾಡಿಗೆ. ಇದನ್ನು ಪ್ರತ್ಯೇಕ ಧರ್ಮಾರ್ಥ ಟ್ರಸ್ಟಿನ ಹೆಸರಲ್ಲಿ, ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡುವುದು ಜಾಣತನ.

ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಇದ್ದರೆ ಅದರ ಆದಾಯಕ್ಕೆ ವಿನಾಯಿತಿ. ಪ್ರತಿಯಾಗಿ, ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೇ ಖರ್ಚು ಮಾಡಬೇಕು. ಉಳಿಸಿ ದೊಡ್ಡ ಕೆಲಸಕ್ಕೆ ಕೂಡಿಡುವುದಿದ್ದರೆ ಉದ್ದೇಶ ಬರೆದು ಮೊದಲೇ ತಿಳಿಸಬೇಕು. ಅದಕ್ಕೂ 5 ವರ್ಷದ ಮಿತಿ. ಜನ "80ಜಿ" ಎಂದು ಕೇಳುವ ರಿಯಾಯಿತಿ ಕೊಡುವವರಿಗೆ ಸಿಗುವಂಥದ್ದು, ಮತ್ತು 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದು ಸಿಗುವುದಿಲ್ಲ. ಲೆಕ್ಕ ಕೆಡುವುದು ಸಾಮಾನ್ಯವಾಗಿ ಕಳ್ಳತನದಿಂದಲ್ಲ, ಬೆರಕೆಯಿಂದ. ವಾರ್ಷಿಕೋತ್ಸವದ ಊಟದ ಬಿಲ್ಲು ದಾನದ ಖಾತೆಯಿಂದ ಹೋಯಿತು, ಕಣ್ಣಿನ ಶಿಬಿರದ ಬಸ್ ಬಾಡಿಗೆ ಖಜಾಂಚಿ ಜೇಬಿನಿಂದ ಕೊಟ್ಟು ರಸೀದಿ ಕಳೆದರು. ಎರಡು ವರ್ಷ ಹೀಗಾದರೆ ಆಡಿಟರ್ ಕೈ ಕಟ್ಟುತ್ತದೆ.

ವಿದ್ಯಾರ್ಥಿಗೆ ಫೀಸು, ವಿಧವೆಗೆ ಹೊಲಿಗೆ ಯಂತ್ರ, ಕಾಲಿಲ್ಲದವರಿಗೆ ಕೃತಕ ಕಾಲು, ಹೀಗೆ ಲಾಡ್ಜ್‌ಗಳ ಸಹಾಯದ ಬಗೆ ಹಲವು. ಫೀಸಿನ ಹಣ ಶಾಲೆಯ ಖಾತೆಗೆ ನೇರ ಹೋದರೆ ಒಳ್ಳೆಯದು. ಕಣ್ಣಿನ ಶಿಬಿರವನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಜನರಿಗೆ ಹೆಚ್ಚು ಸಂಬಂಧ ಅದರದ್ದೇ.

ಲಾಡ್ಜಿನ ಹಾಲಿನಲ್ಲಿ ಆಗುವುದು ತಪಾಸಣೆ ಮಾತ್ರ. ಹೆಸರು ಮತ್ತು ಫೋನ್ ನಂಬರ್ ಬರೆಸುವ ಟೇಬಲ್, ಆಮೇಲೆ 6 ಮೀಟರ್ ದೂರದ ಅಕ್ಷರದ ಚಾರ್ಟು, ಆಮೇಲೆ ಟಾರ್ಚಿನಿಂದ ಕಣ್ಣು ನೋಡುವುದು, ಬಿಪಿ, ಸಕ್ಕರೆ. ಪೊರೆ ಇದ್ದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಅಲ್ಲಿನ ಆಪರೇಷನ್ ಥಿಯೇಟರಿನಲ್ಲೇ ಶಸ್ತ್ರಚಿಕಿತ್ಸೆ. ಶಾಲೆ, ಸಭಾಭವನ, ಟೆಂಟಿನಲ್ಲಿ ಶಸ್ತ್ರಚಿಕಿತ್ಸೆ ಮಾಡಬಾರದು, ಸೋಂಕು ತಗುಲಿದರೆ ಕಣ್ಣೇ ಹೋಗುತ್ತದೆ. ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳು-ಒಂದೂವರೆ ತಿಂಗಳಿಗೆ ಕನ್ನಡಕಕ್ಕೆ ಒಮ್ಮೆ ತೋರಿಸಬೇಕು. ಶಿಬಿರ ಹಾಳಾಗುವುದು ಇಲ್ಲೇ. ತಾಂಡಾದಿಂದ, ದೂರದ ಹಳ್ಳಿಯಿಂದ ಬಂದ ಮುದುಕಿಗೆ ಎರಡನೇ ಸಲ ಬರಲು ಬಸ್ ಚಾರ್ಜೂ ಇಲ್ಲ, ಜೊತೆಗೆ ಬರುವವರೂ ಇಲ್ಲ. ಹೂಮಾಲೆ, ಶಾಲು, ಬ್ಯಾನರಿಗೆ ಹಾಕುವ ದುಡ್ಡನ್ನು ಮರುಭೇಟಿಯ ಬಸ್ಸಿಗೆ ಹಾಕಿದರೆ ಹೆಚ್ಚು ಕಣ್ಣು ಉಳಿಯುತ್ತವೆ. ಬಿಪಿ, ಸಕ್ಕರೆಯ ಗುಳಿಗೆಯನ್ನು "ಶಿಬಿರ ಅದ" ಅಂತ ಬಿಟ್ಟು ಬರಬಾರದು, ನುಂಗಿಯೇ ಬರಬೇಕು, ಚೀಟಿಯನ್ನೂ ತರಬೇಕು. ಸಕ್ಕರೆ ಏರಿದವರನ್ನು ವಾಪಸ್ ಕಳಿಸುತ್ತಾರೆ. ಇನ್ನು ಶಿಬಿರದ ತಾರೀಖು. ಡಿಸೆಂಬರ್-ಜನವರಿಯ ತೊಗರಿ ರಾಶಿಯ ಹೊತ್ತಿನಲ್ಲಿ ಶಿಬಿರ ಇಟ್ಟರೆ ಜನ ಬರುವುದಿಲ್ಲ. ಬಂದರೂ ಶಸ್ತ್ರಚಿಕಿತ್ಸೆಯಾದ ಕಣ್ಣು ಹೊತ್ತು ನಾಲ್ಕೇ ದಿನಕ್ಕೆ ಕಣದ ಧೂಳಿಗೆ ಹೋಗುತ್ತಾರೆ.

ಕಟ್ಟಡ ಯಾರದು?

ಸದಸ್ಯರದ್ದಲ್ಲ. ಸಂಘ ನೋಂದಣಿಯಾಗಿದ್ದರೆ ಆಸ್ತಿ ಸಂಘದ್ದು. ಇಂದು ಹೊಸ ಸಂಘ ಕಟ್ಟಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಬೇಕು. ನೋಂದಣಿ ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಸಂಘ ಮುಚ್ಚಿದರೂ ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಬೇರೆ ಸಂಘಕ್ಕೆ ಹೋಗಬೇಕು. "ನಮ್ಮ ಅಜ್ಜ ಕಲ್ಲು ಹೊತ್ತಾನ" ಎಂಬ ಮಾತಿಗೆ ಗೌರವ ಉಂಟು, ಹಕ್ಕು ಇಲ್ಲ.

ನಮ್ಮ ಮೂರು ಜಿಲ್ಲೆಗಳಿಗೆ ಒಂದು ವಿಶೇಷ ತೊಡಕಿದೆ. 1956ರ ನವೆಂಬರ್ 1ಕ್ಕೆ ಮೊದಲಿನ ಕಾಗದಗಳೆಲ್ಲ ಹೈದರಾಬಾದಿನ ಪದ್ಧತಿಯವು. ಆಗಿನ ಸಂಘಗಳ ಕಾಯ್ದೆಯ ಹೆಸರಿನಲ್ಲೇ ಫಸಲಿ (ಕಂದಾಯ ಲೆಕ್ಕದ) ವರ್ಷ 1350 ಇದೆ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಬರುತ್ತದೆ, ಅಂದರೆ 1940-41. ಕಾಗದ ಉರ್ದುವಿನಲ್ಲಿದ್ದರೆ ಮೊದಲು ಅಧಿಕೃತ ಅನುವಾದ ಮಾಡಿಸಿ, ಅದರಲ್ಲಿನ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಇಂದಿನ ನಗರಸಭೆಯ ಖಾತೆಗೆ ಹೊಂದುತ್ತದೆಯೇ ನೋಡಬೇಕು. ಹೊಂದದಿದ್ದರೆ ಪಕ್ಕದ ಗೋಡೆ ಎಂದೋ ಎರಡು ಅಡಿ ಒಳಗೆ ಬಂದಿದೆ ಎಂದೇ ಅನುಮಾನಿಸಬೇಕು.

ಪ್ರತಿ ವರ್ಷ ಸಾಮಾನ್ಯ ಸಭೆ ನಡೆಸಿ, 14 ದಿನದೊಳಗೆ ಹೊಸ ಪದಾಧಿಕಾರಿಗಳ ಪಟ್ಟಿ ನೋಂದಣಿ ಕಚೇರಿಗೆ ಕೊಡಬೇಕು. ಇದೇ ಹೆಚ್ಚಾಗಿ ತಪ್ಪುವುದು. ಹತ್ತು ವರ್ಷ ಬಿಟ್ಟರೆ ಸರ್ಕಾರದ ಕಡತದಲ್ಲಿ ತೀರಿಹೋದವರೇ ಅಧ್ಯಕ್ಷರು, ಕಾರ್ಯದರ್ಶಿಗಳು. ಆಗ ಬ್ಯಾಂಕ್ ಸಹಿ ಬದಲಿಸುವುದಿಲ್ಲ, ಬಾಡಿಗೆದಾರ ಯಾರಿಗೆ ಕೊಡಲಿ ಎನ್ನುತ್ತಾನೆ, ಸೋರುವ ಮಾಳಿಗೆಗೆ ದುಡ್ಡು ತೆಗೆಯಲಾಗುವುದಿಲ್ಲ. ಎರಡು ಗುಂಪು ಜಗಳವಾಡಿದರೆ ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸಲೂಬಹುದು.

ಕೋಟೆ, ಗುಂಬಜಿನ ಹತ್ತಿರ ಕಟ್ಟಡವಿದ್ದರೆ ಇನ್ನೊಂದು ಕಾನೂನು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದು ಕಟ್ಟುವಂತಿಲ್ಲ, ಹಳೆಯದರ ದುರಸ್ತಿಗೂ ಅನುಮತಿ ಬೇಕು. ಬೀದರ್ ಹಳೆ ಪೇಟೆಯಲ್ಲಿ ಕಾಂಪ್ಲೆಕ್ಸಿನ ನಕ್ಷೆ ಬರೆಸುವ ಮೊದಲು ಟೇಪು ಹಿಡಿಯುವುದು ಲೇಸು.

ಗಚ್ಚು, ಫರಸಿ, ಗರ್ಡರ್

ಈ ಭಾಗದ ಹಳೆ ಕಟ್ಟಡ ಅಲ್ಲಲ್ಲಿನ ಕಲ್ಲಿನ ಮೇಲೆ ನಿಂತಿದೆ. ಕಲಬುರಗಿಯಲ್ಲಿ ಶಹಾಬಾದ್ ಫರಸಿ (ಚಪ್ಪಡಿ ಕಲ್ಲು), ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ, ಯಾದಗಿರಿ ಕಡೆ ಗ್ರಾನೈಟ್. ಎಲ್ಲಕ್ಕೂ ಅಂಟು ಒಂದೇ, ಸುಣ್ಣದ ಗಚ್ಚು.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಹಗುರ ಆಗುತ್ತದೆ. ಶುದ್ಧ ಕಲ್ಲು 100 ಕಿಲೋ ಹಾಕಿದರೆ 56 ಕಿಲೋ ಸುಟ್ಟ ಸುಣ್ಣ. ನೀರಿಗೆ ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ವಾಪಸ್ ಹೀರಿ ಮತ್ತೆ ಕಲ್ಲಾಗುತ್ತದೆ. ಅದೇ ಕಲ್ಲಿಗೆ ಜೇಡಿ ಸೇರಿಸಿ 1,450 ಡಿಗ್ರಿ ಸುಟ್ಟು ಅರೆದರೆ ಸಿಮೆಂಟ್. ವಾಡಿಯ ಕಾರ್ಖಾನೆಯಲ್ಲಿ ಆಗುವುದು ಇದೇ. ಸಿಮೆಂಟ್ ಗಂಟೆಗಳಲ್ಲಿ ಗಟ್ಟಿ, ಗಚ್ಚು ತಿಂಗಳುಗಳಲ್ಲಿ. ಆದರೆ ಗಚ್ಚು ಉಸಿರಾಡುತ್ತದೆ: ನೆಲದಿಂದ ಏರಿದ ತೇವ ಅದರ ಮೂಲಕ ಹೊರಗೆ ಆರುತ್ತದೆ.

ಹಳೆ ಗೋಡೆಗೆ ಸಿಮೆಂಟ್ ಗಿಲಾಯ ಮಾಡಿಸಿದಾಗ ಆಗುವ ಅನಾಹುತ ಇದರಿಂದ ತಿಳಿಯುತ್ತದೆ. ಹೊರಗೆ ದಾರಿ ಮುಚ್ಚಿದ ತೇವ ಗೋಡೆಯೊಳಗೇ ಮೇಲೇರುತ್ತದೆ. ಎರಡು ಅಡಿಯಲ್ಲಿದ್ದ ಒದ್ದೆ ಗೆರೆ ನಾಲ್ಕು ಅಡಿಗೆ ಹೋಗುತ್ತದೆ, ಬಿಳಿ ಉಪ್ಪು ಒಡೆಯುತ್ತದೆ, ಮೂರ್ನಾಲ್ಕು ಮಳೆಗಾಲ ಕಳೆದ ಮೇಲೆ ಗಿಲಾಯ ಹಾಳೆಯಂತೆ ಬೀಳುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಬೀದರಿನ ಜಂಬಿಟ್ಟಿಗೆ ರಂಧ್ರದ ಕಲ್ಲು, ಅಲ್ಲಿ ಹಾನಿ ಇನ್ನೂ ಬೇಗ.

ದುರಸ್ತಿಯ ಗಚ್ಚಿಗೆ ಅರಳಿಸಿದ ಸುಣ್ಣವನ್ನು ಜರಡಿ ಹಿಡಿದು ನೀರಿನಡಿ ಕನಿಷ್ಠ ತಿಂಗಳು ನೆನೆಸಿಡಬೇಕು. ನೆನೆಯದ ಹರಳು ಗೋಡೆಯಲ್ಲಿ ಆಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಅಳತೆ: ಸುಣ್ಣ 1, ತೊಳೆದ ಮರಳು 3, ತೇವದ ಜಾಗಕ್ಕೆ ಸುಣ್ಣ 1, ಇಟ್ಟಿಗೆ ಪುಡಿ 1, ಮರಳು 2. ಗೋಡೆ ಚೆನ್ನಾಗಿ ನೆನೆಸಿ, ಒಂದು ಪದರ 10-12 ಮಿಲಿಮೀಟರ್ ದಾಟದಂತೆ ಹಚ್ಚಿ, ತಟ್ಟಿನ ಚೀಲ ಹೊದಿಸಿ ವಾರ-ಹತ್ತು ದಿನ ತೇವ ಕಾಯಬೇಕು. ಸುಣ್ಣ ಅರಳಿಸುವಾಗ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಆ ತೊಟ್ಟಿಯ ಹತ್ತಿರ ಯಾರೂ ಹೋಗಬಾರದು.

ಮಾಳಿಗೆ ಹೆಚ್ಚಾಗಿ ಗರ್ಡರ್ (ಕಬ್ಬಿಣದ ತೊಲೆ) ಮೇಲೆ ಫರಸಿ, ಫರಸಿ ಮೇಲೆ ಗಚ್ಚು. ಹತ್ತು ಅಡಿಗೆ ಎರಡು-ಎರಡೂವರೆ ಇಂಚು ಇಳಿಜಾರು ಬೇಕು. 1,000 ಚದರ ಅಡಿ ಮಾಳಿಗೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು; ನೀರಿಳಿಯುವ ಒಂದೇ ದೋಣಿಯ ಬಾಯಿಗೆ ಅರಳಿ ಎಲೆ ಅಡ್ಡ ಬಂದರೆ ಅಷ್ಟೂ ನಿಂತು ಫರಸಿಯ ಸಂದಿ ಹುಡುಕುತ್ತದೆ. ಇಳಿದ ನೀರು ಮೊದಲು ತಿನ್ನುವುದು ಗೋಡೆಯೊಳಗೆ ಹುದುಗಿದ ಗರ್ಡರಿನ ತುದಿಯನ್ನು, ಅದೇ ಕಣ್ಣಿಗೆ ಕಾಣದ ಭಾಗ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಮೇಲಿನ ಕಲ್ಲು ಸೀಳುತ್ತದೆ. ಗರ್ಡರಿನ ತುದಿಯ ಹತ್ತಿರ ಗೋಡೆಯಲ್ಲಿ ಅಡ್ಡ ಬಿರುಕು ಕಂಡರೆ ಬಣ್ಣ ಹಚ್ಚಿ ಮುಚ್ಚಬಾರದು. ಕೆಳಗೆ ಆಧಾರ ಕೊಟ್ಟು, ತುದಿ ಬಿಡಿಸಿ, ಎಷ್ಟು ದಪ್ಪ ಉಳಿದಿದೆ ಎಂದು ಎಂಜಿನಿಯರ್ ಅಳೆಯಬೇಕು. ಆಧಾರ ಕೊಡದೆ ಒಂದು ಫರಸಿಯನ್ನೂ ಎತ್ತಬಾರದು.

ಸೋರಿದ ಕೂಡಲೇ ಎಲ್ಲರೂ ಮಾಡುವ ತಪ್ಪು, ಮೇಲೆ ಮೂರು ಇಂಚು ಕಾಂಕ್ರೀಟ್ ಸುರಿಯುವುದು. 1,000 ಚದರ ಅಡಿಗೆ ಅದು 16 ಟನ್ನಿಗಿಂತ ಹೆಚ್ಚು ಭಾರ, ತುಕ್ಕು ತಿಂದ ಗರ್ಡರಿನ ಮೇಲೆ. ಜೊತೆಗೆ ಕಲಬುರಗಿ ಬಿಸಿಲಿಗೆ 20 ಅಡಿ ಗರ್ಡರ್ 25 ಡಿಗ್ರಿ ಏರಿಳಿತದಲ್ಲಿ ಸುಮಾರು 2 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಗಚ್ಚು ಅದನ್ನು ಸಣ್ಣ ಸಣ್ಣ ಬಿರುಕುಗಳಲ್ಲಿ ತಾಳಿಕೊಳ್ಳುತ್ತದೆ, ಕಾಂಕ್ರೀಟ್ ಒಂದೇ ಉದ್ದ ಸೀಳು ಬಿಡುತ್ತದೆ. ಹಳೆ ಗಚ್ಚು ಸತ್ತಿದ್ದರೆ ಅದನ್ನು ಪೂರ್ತಿ ತೆಗೆದು ಹೊಸ ಸುಣ್ಣದ ಕಾಂಕ್ರೀಟನ್ನೇ ಹಾಕಿ ಮರದ ಥಾಪಿಯಿಂದ ಕನಿಷ್ಠ 7 ದಿನ ಬಡಿಯಬೇಕು. ಬಡಿಯುವಾಗ ಚಿಮುಕಿಸುವ ನೀರಿಗೆ ಬೆಲ್ಲ ಮತ್ತು ಬಿಲ್ವದ ಹಣ್ಣಿನ ತಿರುಳು ಸೇರಿಸುತ್ತಾರೆ, 60 ಲೀಟರಿಗೆ ಸುಮಾರು 1.75 ಕಿಲೋ ಬೆಲ್ಲ, 1 ಕಿಲೋ ತಿರುಳು.

ಅಡಿಪಾಯಕ್ಕೆ ಎರೆಮಣ್ಣಿನ ಕಾಟ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆಯ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಅಗಲ, ತಾರೀಖು ಬರೆದಿಡಿ. ಮೇ ತಿಂಗಳಲ್ಲಿ ಅಗಲವಾಗಿ ಆಗಸ್ಟಿನಲ್ಲಿ ಮುಚ್ಚಿಕೊಂಡರೆ ಅದು ಮಣ್ಣಿನ ಆಟ. ಗೋಡೆಯ ಸುತ್ತ ಮೂರು ಅಡಿ ಫರಸಿ ಹಾಸಿ ಹೊರಕ್ಕೆ ಇಳಿಜಾರು ಕೊಟ್ಟರೆ ಬಹಳಷ್ಟು ತಗ್ಗುತ್ತದೆ. ವರ್ಷವಿಡೀ ಒಂದೇ ದಿಕ್ಕಿಗೆ ಬೆಳೆಯುತ್ತ ಹೋದರೆ ಎಂಜಿನಿಯರನ್ನು ಕರೆಯುವ ಹೊತ್ತು.

ಯಾವಾಗ ಮಾಡಿಸುವುದು

ಬೇಸಿಗೆಯ ಒಣ ಗಾಳಿಯಲ್ಲಿ ಗಚ್ಚು ನೀರು ಕಳೆದುಕೊಂಡು ಪುಡಿಯಾಗುತ್ತದೆ, ಜಡಿಮಳೆಯಲ್ಲಿ ತೊಳೆದುಹೋಗುತ್ತದೆ. ದೀಪಾವಳಿಯಿಂದ ಫೆಬ್ರವರಿ ಕೊನೆಯವರೆಗಿನ ತಂಪಿನ ದಿನಗಳೇ ಸರಿ. ಅಂದಾಜು ಪಟ್ಟಿ ಮತ್ತು ಹಣದ ಒಪ್ಪಿಗೆ ಅದಕ್ಕೆ ಮುಂಚೆ ಕೈಯಲ್ಲಿರಬೇಕು. ಆದ್ದರಿಂದ ವಾರ್ಷಿಕ ಸಭೆಯನ್ನು ಆಗಸ್ಟ್-ಸೆಪ್ಟೆಂಬರಿನಲ್ಲಿ, ಆ ಕಟ್ಟಡದಲ್ಲೇ, ಮಳೆ ಬರುವ ದಿನ ಇಟ್ಟುಕೊಂಡರೆ ಅನುಕೂಲ. ಯಾವ ಮೂಲೆಗೆ ಬಕೆಟ್ ಇಡಬೇಕಾಯಿತು ಎಂಬುದನ್ನು ನಡಾವಳಿ ಪುಸ್ತಕದಲ್ಲೇ ಬರೆಸಬಹುದು.